ಪಕ್ಕದಲ್ಲಿ ಕೂತ ಮರಳಿನ ಮೂಟೆ

ಅಕ್ಕಾ,

ಉಳುಕಿದ ಕಾಲಿನ ಬಾವು ಇಳಿಯಿತೇ? ನೀನಿಲ್ಲದೆ ಒಬ್ಬಳೇ ಬಂದ ಈ ಊರೇನೋ ಚೆನ್ನಾಗಿದೆ. ಹೊಳೆಯ ಎರಡೂ ದಂಡೆಯ ಗುಡ್ಡಗಳಲ್ಲಿ ದ್ರಾಕ್ಷಿತೋಟ, ಮುಂದೆ ಸರೋವರ, ಅದರಾಚೆ ಕೋಟೆಯೊಳಗಿನ ಹಳೇಪೇಟೆ.

ಇವತ್ತು ಸರೋವರ ನೋಡಲು ಒಂದು ಪುಟ್ಟ ದೋಣಿ ಹತ್ತಿದೆ. ಉಳಿದವರೆಲ್ಲ ಜೋಡಿ ಜೋಡಿಯಾಗಿ ಬಂದವರು. ನಾನು ಕೂತದ್ದೇ ತಡ, ದೋಣಿ ನನ್ನ ಕಡೆಗೆ ವಾಲಿತು.

"ಜೊತೆಗೆ ಯಾರೂ ಬಂದಿಲ್ವಾಮ್ಮ?" ಎಂದ ಅಂಬಿಗ, ಉತ್ತರಕ್ಕೂ ಕಾಯದೆ ಸಮತೂಕಕ್ಕೆಂದು ಒಂದು ಮರಳಿನ ಮೂಟೆ ತಂದು ನನ್ನ ಪಕ್ಕದ ಖಾಲಿ ಜಾಗದಲ್ಲಿ ಕೂರಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಿನ್ನಷ್ಟೇ ದಪ್ಪಗಿತ್ತು, ಬೈಯಬೇಡ.

ನಡುನೀರಿನಲ್ಲಿ ಇಡೀ ದ್ರಾಕ್ಷಿಗುಡ್ಡವೇ ತಲೆಕೆಳಗಾಗಿ ಕಂಡಿತು. "ಅಕ್ಕಾ, ಅಲ್ನೋಡೇ!" ಎಂದು ಪಕ್ಕಕ್ಕೆ ತಿರುಗಿಯೇಬಿಟ್ಟೆ. ಈ ಸಲ ಯಾರೂ ನಗಲಿಲ್ಲ. ಅಂಬಿಗ ಹುಟ್ಟು ನಿಲ್ಲಿಸಿ, "ಎಲ್ಲಮ್ಮಾ? ನನಗೆ ತೋರ್ಸಿ, ನಾನೂ ನೋಡ್ತೀನಿ" ಎಂದ. ದಿನವೂ ನೋಡುವವನು ಅವನು! ಕೈಮಾಡಿ ತೋರಿಸಿದೆ.

ಸ್ವಲ್ಪ ಶೀತವಾಗಿದೆ, ಮಾತ್ರೆ ನುಂಗಿದ್ದೇನೆ, ಗಾಬರಿ ಬೇಡ. ಹಳೇಪೇಟೆಗೆ ಹೋಗಲಿಲ್ಲ. ಅದೊಂದನ್ನಾದರೂ ನಿನ್ನ ಜೊತೆ ನೋಡೋಣವೆಂದು ಉಳಿಸಿಕೊಂಡಿದ್ದೇನೆ. ಅಂಚೆಯವರು ಡಬ್ಬಿ ತೆರೆಯುತ್ತಿದ್ದಾರೆ, ಓಡುತ್ತೇನೆ.

ನಿನ್ನ ಪುಟ್ಟಿ