ಕಡ್ಡಿರಾಂಪುರ ಲಿಥುವೇನಿಯಾದಲ್ಲಿಲ್ಲ

ಅಂತರ್ಜಾಲ ವಿಳಾಸಗಳನ್ನು ಹಂಚುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನಾನು ಹಂಪಿಯ ಪಕ್ಕದ ಕಡ್ಡಿರಾಂಪುರದಲ್ಲಿದ್ದೇನೆ. ನನ್ನ ಮನೆಯ ಅಂತರ್ಜಾಲ ವಿಳಾಸದ, ಅಂದರೆ ಐಪಿಯ, ಪ್ರಕಾರ ಲಿಥುವೇನಿಯಾದಲ್ಲಿದ್ದೇನೆ. ಈ ತಪ್ಪಿನಿಂದ ನನ್ನ ಮೂರು ಕೋಣೆಯ ಹೋಂಸ್ಟೇ ಮುಚ್ಚುವ ಹಂತಕ್ಕೆ ಬಂದಿದೆ.

ವಿದೇಶಿ ಅತಿಥಿ ಬಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಅವರ ವಿವರವನ್ನು ಪೊಲೀಸರಿಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಹನ್ನೊಂದು ವರ್ಷ ಒಮ್ಮೆಯೂ ತಪ್ಪಿಸಿರಲಿಲ್ಲ. ಕಳೆದ ತಿಂಗಳು ಪೋಲೆಂಡಿನ ದಂಪತಿ ಬಂದಾಗ ಕಂಪ್ಯೂಟರ್ ಹೇಳಿತು: 'ನಿಮ್ಮ ದೇಶದಿಂದ ಈ ಸೇವೆ ಲಭ್ಯವಿಲ್ಲ.' ಈ ಬಂಡೆಗಳ ನಡುವೆ ಮೊಬೈಲ್ ಸಿಗ್ನಲ್ ಸಿಗದು. ಮರುದಿನವೂ ಪ್ರಯತ್ನಿಸಿ ಸೋತು, ಹೊಸಪೇಟೆಗೆ ಹೋಗಿ ತುಂಬುವಷ್ಟರಲ್ಲಿ ಗಡುವು ಮೀರಿತ್ತು.

ಕೇಬಲ್ ಇಂಟರ್ನೆಟ್ ಕೊಡುವ ಲಿಂಗರಾಜ್‌ನನ್ನು ಕರೆಸಿದೆ. "ಹೊಸ ಐಪಿ ಎಲ್ಲೂ ಸಿಗವಲ್ವು ಸ್ವಾಮಿ. ಹಳೇವು ಖರೀದಿ ಮಾಡೀನಿ. ಮೊದಲು ಲಿಥುವೇನಿಯಾದೋರ ಹತ್ರ ಇದ್ದುವಂತ," ಎಂದ. ಗಡುವು ಮೀರಿದ್ದಕ್ಕೆ ನೋಟಿಸ್ ತಂದ ಪೇದೆ ಉಚ್ಚೆಂಗಪ್ಪ ಇದನ್ನು ಕೇಳಿ ನಕ್ಕರು: "ಹಂಗಾರ ಮೊದಲು ನಿಮ್ಮ ಫಾರಂ ತುಂಬ್ರಿ. ಪಾಸ್‌ಪೋರ್ಟ್ ಎಲ್ಲೈತಿ?"

ನನ್ನ ಬಳಿ ಪಾಸ್‌ಪೋರ್ಟ್ ಇಲ್ಲ. ಪರದೇಶಗಳನ್ನು ಅನುವಾದಿತ ಕಾದಂಬರಿಗಳಲ್ಲಷ್ಟೇ ಕಂಡವನು ನಾನು. ಅಲ್ಲಿ ಅನುವಾದಕರ ಹೆಸರಾದರೂ ಇರುತ್ತದೆ. ತಪ್ಪು ಕಂಡರೆ ಪತ್ರ ಬರೆಯಬಹುದು. ನನ್ನನ್ನು ಲಿಥುವೇನಿಯಾಕ್ಕೆ ಸಾಗಿಸಿದವರ ಹೆಸರೇನು?

ನನ್ನ ಮೊದಲ ದೂರಿಗೆ ನಿಮ್ಮ ಕಚೇರಿಯ ಉತ್ತರ ಇಂಗ್ಲಿಷಿನಲ್ಲಿ ಮೂರು ಸಾಲು: ವಿಳಾಸ ಯಾರದೆಂದು ಮಾತ್ರ ದಾಖಲಿಸುತ್ತೇವೆ, ಅದು ಎಲ್ಲಿದೆ ಎನ್ನುವುದು ಬೇರೆ ಕಂಪನಿಗಳ ಪಟ್ಟಿ. ಅಂಥ ಒಂದು ಕಂಪನಿಗೆ ಬರೆದರೆ, ಮೂಲ ದಾಖಲೆ ನಿಮ್ಮ ಕಚೇರಿಯದೇ ಎಂದಿತು. ಹಾಗಾದರೆ ಲೋಕದ ವಿಳಾಸ ಪುಸ್ತಕ ಇಟ್ಟುಕೊಂಡವರಿಗೆ ಊರು ಗೊತ್ತಿರಬೇಕಾಗಿಲ್ಲವೇ?

ಕಂಪ್ಲಿಯಲ್ಲಿ ನಮ್ಮ ಗದ್ದೆ ಕಾಲುವೆಯ ಕೊನೆಯಲ್ಲಿದೆ. ಮೇಲಿನವರು ಮೊದಲು ನೀರು ಕಟ್ಟಿಕೊಳ್ಳುವುದು ಹೊಸತಲ್ಲ. ಆದರೆ ನೀರು ಬಾರದಿದ್ದರೆ ತೂಬಿನ ಬಳಿ ಹೋಗಿ, ನೀರು ಹಂಚುವ ನೀರಗಂಟಿ ಪಾಲಪ್ಪನನ್ನು ನಿಲ್ಲಿಸಿ ಜಗಳವಾಡಬಹುದು. ನೀವೂ ಹಾಗೆಯೇ ಹಂಚಿದಿರಿ: ಮೊದಲು ಬಂದವರು ಕೋಟಿಗಟ್ಟಲೆ ಒಯ್ದರು, ತಡವಾಗಿ ಬಂದ ನಮಗೆ ಅವರು ಬಳಸಿ ಬಿಟ್ಟ ವಿಳಾಸಗಳು ಸಿಕ್ಕವು. ಜಗಳವಾಡಲು ಒಬ್ಬ ಪಾಲಪ್ಪನನ್ನೂ ನೀವು ನೇಮಿಸಿಲ್ಲ.

ನೇಮಿಸಿ. ವಿಳಾಸ ಕೈಬದಲಾದ ದಿನವೇ ಅದು ಹೋದ ಊರನ್ನೂ ಬರೆಯಿರಿ. ತಪ್ಪಾದರೆ ಕನ್ನಡದಲ್ಲಿ ದೂರಲು, ಹೆಸರಿರುವ ಒಬ್ಬ ಮನುಷ್ಯನನ್ನು ಕೊಡಿ.

ಇದೇ ಹತ್ತೊಂಬತ್ತಕ್ಕೆ ನನ್ನ ಪರವಾನಗಿಯ ವಿಚಾರಣೆ. ಅಲ್ಲಿಯವರೆಗೆ ನಾನು ಬೋರ್ಡು ಇಳಿಸುವುದಿಲ್ಲ. ಇಂದು ಸಂಜೆ ಇಬ್ಬರು ಜಪಾನೀಯರು ಬರುತ್ತಿದ್ದಾರೆ. ಅವರಿಗೆ ನನ್ನ ಮನೆ ಸಿಗುತ್ತದೆ.

ಇಂತಿ,
ಊರು ಬಿಡದೆಯೇ ವಿದೇಶಿಯಾದ
ಮಧ್ವೇಶ, ಕಡ್ಡಿರಾಂಪುರ