ಕೋಟೆಯವರ ಪೈಕಿ, ಜೌಗಿನವರ ಪೈಕಿ

ಜೂನ್ 3, ಮಂಗಳವಾರ. ಬೆಳಿಗ್ಗೆ

ಮತ್ತೆ ತೋಳದ ಚರ್ಮ. ಇಪ್ಪತ್ತು ತಂದುಕೊಟ್ಟೆ. ಕೋಟೆಯ ದಳಪತಿ ಅದೇ ಮಾತು ಹೇಳಿದ — ಕೋಟೆ ನಿನ್ನನ್ನು ಎಂದೂ ಮರೆಯುವುದಿಲ್ಲವಂತೆ. ನಾಳೆ ಹೋದರೆ ಮತ್ತೆ ಇಪ್ಪತ್ತು ಕೇಳುತ್ತಾನೆ. ರೆಪ್ಯುಟೇಶನ್ ಗೆರೆ ಮುಂದೆ ಸರಿಯಿತಂತೆ. ನನ್ನ ಕಣ್ಣಿಗಂತೂ ಕಾಣಿಸಲಿಲ್ಲ.

ಈ ಆನ್‌ಲೈನ್ ಆಟದಲ್ಲಿ ಪಂಗಡಗಳು ಹತ್ತಾರು. ಪ್ರತಿಯೊಬ್ಬರ ಹತ್ತಿರವೂ ಮೊದಲು ಅಪರಿಚಿತೆ, ಆಮೇಲೆ ಪರಿಚಿತೆ, ಮಿತ್ರೆ, ಕೊನೆಗೆ ಆಪ್ತೆ. ಆಪ್ತೆಯಾಗುವ ತನಕ ಯಾರೂ ಒಳಗಿನ ಸಾಮಾನು ತೆಗೆದು ತೋರಿಸುವುದಿಲ್ಲ. ನನಗಿರುವುದು ಹಲ್ಲಿನ ಸೆಟ್ ಮಾಡುವ ನಮ್ಮ ಲ್ಯಾಬಿಗೆ ಹೊರಡುವ ಮುಂಚಿನ ಒಂದು ಗಂಟೆ. ಯಾರ ಸ್ನೇಹ ಬೇಕು, ಯಾರದ್ದು ಬೇಡ ಅಂತ ಆರಿಸಿಕೊಳ್ಳಲೇಬೇಕು.

ಆರಿಸುವವಳು ನಾನಾಗಿದ್ದರೆ ಸರಿ. ನಮ್ಮ ಗುಂಪಿನಲ್ಲಿ ಆರಿಸುವುದು ಅಕ್ಕನ ಗಂಡ, ಭಾವ. ನಾಲ್ಕೇ ಜನ ನಾವು. ಮುಂದೆ ಗುರಾಣಿ ಹಿಡಿದು ನಿಲ್ಲುವವರು ಭಾವ. ಗಾಯ ವಾಸಿ ಮಾಡುವ ಹೀಲರ್ ಅಕ್ಕ. ಬಿಲ್ಲು ನನ್ನದು. ಇನ್ನೊಬ್ಬರು ಮೇಷ್ಟ್ರು — ಮುಖ ನೋಡಿಲ್ಲ, ದನಿ ಮಾತ್ರ ಗೊತ್ತು. ಪ್ರತಿಯೊಂದನ್ನೂ ಎರಡೆರಡು ಸಲ ವಿವರಿಸುತ್ತಾರೆ, ಅದಕ್ಕೆ ಆ ಹೆಸರು.

ಭಾವನ ಅಪ್ಪಣೆ: ನಾಲ್ವರೂ ಕೋಟೆಯವರ ಆಪ್ತರಾಗಬೇಕು. ನಾಲ್ವರೂ ಆದರೆ ಮಾತ್ರ ಕೋಟೆಯ ಖಜಾನೆ ಬಾಗಿಲು ತೆರೆಯುತ್ತದೆ. ಒಳಗೆ ಒಂದು ಗುರಾಣಿ ಇದೆ. ಒಂದೇ ಒಂದು. ಅದು ಯಾರಿಗೆ ಅಂತ ಬೇರೆ ಹೇಳಬೇಕಾಗಿಲ್ಲ.

ಜೂನ್ 5, ಗುರುವಾರ. ಸಂಜೆ

ನನಗೆ ಬೇಕಾಗಿರುವುದು ಉಪ್ಪಿನ ವರ್ತಕರ ಸ್ನೇಹ. ಅವರು ಆಪ್ತರಿಗೆ ದೋಣಿ ಕೊಡುತ್ತಾರೆ. ದೋಣಿ ಇದ್ದರೆ ಆ ಕಡೆಯ ದ್ವೀಪಗಳನ್ನೆಲ್ಲ ನೋಡಿಬರಬಹುದು. ಆದರೆ ವರ್ತಕರಿಗೂ ಕೋಟೆಯವರಿಗೂ ಎಣ್ಣೆ ಸೀಗೆಕಾಯಿ. ಒಬ್ಬರ ಹತ್ತಿರ ಹೆಸರು ಏರಿದರೆ ಇನ್ನೊಬ್ಬರ ಹತ್ತಿರ ಇಳಿಯುತ್ತದೆ.

ಭಾವನಿಗೆ ಹೇಳಿದೆ. ನನ್ನ ದೋಣಿಯಿಂದ ಗುಂಪಿಗೆ ಏನು ಲಾಭ ಅಂತ ಕೇಳಿದರು. ನಿಮ್ಮ ಗುರಾಣಿಯಿಂದ ಏನು ಅಂದೆ. ನಾನು ಸಾಯದಿದ್ದರೆ ನೀವೂ ಸಾಯುವುದಿಲ್ಲ, ಅದೇ ಲಾಭ ಅಂದರು. ಉತ್ತರ ಹೊಳೆಯಲಿಲ್ಲ. ಲ್ಯಾಬಿನಿಂದ ಬರುವ ದಾರಿಯಲ್ಲಿ ಹೊಳೆಯಿತು. ಆಗ ಹೊಳೆದು ಏನು ಬಂತು.

ಅಕ್ಕ ಆಗ ಆಟದ ಜೌಗಿನಲ್ಲಿದ್ದಳು. ದಿನಾ ಅಲ್ಲಿಗೇ ಹೋಗುತ್ತಾಳೆ. ಜೌಗಿನವರು ಅಂತ ಒಂದು ಪಂಗಡ — ಮೊಣಕಾಲುದ್ದದ ಜನ, ಪಾಚಿ ಬಿಡಿಸಿಕೊಡು, ಕಪ್ಪೆಗೆ ಮೇವು ಹಾಕು ಅನ್ನುತ್ತಾರೆ. ಅವರ ಸ್ನೇಹ ಮೂರು ಕಾಸಿಗೂ ಪ್ರಯೋಜನವಿಲ್ಲ ಅಂತ ಆಡುವವರು ಎಷ್ಟೋ ಜನ ಬರೆದಿದ್ದಾರೆ. ಭಾವ ಅದಕ್ಕೆ ‘ಕಪ್ಪೆ ಸೇವೆ’ ಅಂತ ಹೆಸರಿಟ್ಟಿದ್ದಾರೆ. ಮೇಷ್ಟ್ರು ನಕ್ಕರು. ನಾನೂ ನಕ್ಕೆ.

ಜೂನ್ 9, ಸೋಮವಾರ

ಬೆಳಿಗ್ಗೆ ಆಟದಲ್ಲಿ ಕಲ್ಲು ಹೊತ್ತೆ. ಕೋಟೆಗೋಡೆಗೆ. ಗಾಣದೆತ್ತು ನನಗಿಂತ ವಾಸಿ, ಅದಕ್ಕೆ ಗುರಾಣಿಯ ಆಸೆ ತೋರಿಸುವವರಿಲ್ಲ.

ಲ್ಯಾಬಿನಲ್ಲೂ ಅದೇ ಕಥೆ. ಒಬ್ಬ ಅಜ್ಜಿಯ ಹಲ್ಲಿನ ಸೆಟ್ ಮೂರನೇ ಸಲ ವಾಪಸ್ ಬಂದಿದೆ. ಅಳತೆ ಸರಿಯಿದೆ, ಬಣ್ಣ ಸರಿಯಿದೆ. ಹಾಕಿಕೊಂಡರೆ ತನ್ನ ತಂಗಿಯ ಹಾಗೆ ಕಾಣುತ್ತೇನೆ ಅನ್ನುತ್ತಾರಂತೆ. ಮೇಣ ಕರಗಿಸಿ ಮತ್ತೆ ಶುರು ಮಾಡಿದೆ. ಯಜಮಾನರು ಹಿಂದೆ ನಿಂತು ನಿಟ್ಟುಸಿರು ಬಿಟ್ಟರು. ನಿಟ್ಟುಸಿರು ಬಿಡಬೇಕಾದವಳು ನಾನು.

ಜೂನ್ 15, ಭಾನುವಾರ

ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಭಾವ ಹಾಲ್‌ನಲ್ಲಿ ಹೆಡ್‌ಫೋನ್ ಹಾಕಿ ಕೂತಿದ್ದರು, ಅಕ್ಕ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಳು. ನಡುವೆ ಒಂದು ಗೋಡೆ. ಗೋಡೆಯಾಚೆಯಿಂದ ಭಾವ ಮೈಕಿನಲ್ಲಿ ಹೇಳುತ್ತಿದ್ದರು — ‘ಹೀಲರ್, ಹಿಂದೆ ಸರಿ. ಹೀಲರ್, ಎಡಕ್ಕೆ ಬಾ.’ ಆಟ ಮುಗಿಯಿತು. ಹೆಡ್‌ಫೋನ್ ತೆಗೆದರು. ‘ಹೀಲರ್, ಒಂದು ಲೋಟ ನೀರು.’

ತಮಾಷೆಗೇ ಅಂದಿದ್ದು. ಅಕ್ಕ ನೀರು ತಂದಿಟ್ಟಳು. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

ಭಾವ ಕೆಟ್ಟವರಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಮಗಿಂತ ಹೆಚ್ಚು ಓಡಾಡಿದವರು. ನನಗೆ ಗಾಡಿ ಓಡಿಸಲು ಕಲಿಸಿದವರು. ಲಿಫ್ಟ್ ರಿಪೇರಿ ಕಂಪನಿಯ ಸೂಪರ್‌ವೈಸರ್ — ನಾಲ್ಕು ಜನ ಕಂಡರೆ ಸಾಕು, ಯಾರು ಎಲ್ಲಿ ನಿಲ್ಲಬೇಕು ಅಂತ ಹೇಳದೆ ಅವರಿಗೆ ಸಮಾಧಾನವಿಲ್ಲ.

ಜೂನ್ 27, ಶುಕ್ರವಾರ. ರಾತ್ರಿ ಊಟ ಆದ ಮೇಲೆ

ಹನ್ನೆರಡು ದಿನ ಬರೆಯಲಿಲ್ಲ. ಬರೆಯಲು ಏನಿತ್ತು — ಚರ್ಮ, ಕಲ್ಲು, ಚರ್ಮ.

ಇವತ್ತು ನಾನು ಕೋಟೆಯವರ ಆಪ್ತೆಯಾದೆ. ಪರದೆಯ ಮೇಲೆ ಚಿನ್ನದಕ್ಷರ ಬಂತು. ಏನೂ ಅನ್ನಿಸಲಿಲ್ಲ. ಸಂಜೆ ನಾಲ್ವರೂ ಖಜಾನೆ ಬಾಗಿಲಿಗೆ ಹೋದೆವು. ಬಾಗಿಲು ತೆರೆಯಲಿಲ್ಲ. ಭಾವ ಒಬ್ಬೊಬ್ಬರದ್ದೇ ರೆಪ್ಯುಟೇಶನ್ ತೆಗೆದು ನೋಡಿದರು. ಭಾವ ಆಪ್ತ. ಮೇಷ್ಟ್ರು ಆಪ್ತ. ನಾನು ಆಪ್ತೆ. ಅಕ್ಕ — ಪರಿಚಿತೆ. ಒಂದು ತಿಂಗಳಿಂದ ಅವಳು ಕೋಟೆಗೆ ಒಂದು ಕಲ್ಲೂ ಹೊತ್ತಿರಲಿಲ್ಲ.

ಭಾವ ಕಿರುಚಲಿಲ್ಲ. ಅವರು ಕಿರುಚುವವರಲ್ಲ. ಸಮಾಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು. ಅದೇ ಹೆಚ್ಚು ಉರಿಯುತ್ತದೆ.

‘ಮೂರು ಜನರ ಕೆಲಸ ನಿನ್ನೊಬ್ಬಳಿಂದ ಹಾಳಾಯ್ತು. ಕಪ್ಪೆಗೆ ಮೇವು ಹಾಕ್ಕೊಂಡು ಕೂತ್ರೆ ಯಾರಿಗೆ ಉಪಯೋಗ? ಒಂದು ಕೆಲಸಾನಾದ್ರೂ ಉಪಯೋಗಕ್ಕೆ ಬರೋದು ಮಾಡು.’

ಮೇಷ್ಟ್ರು ಕೆಮ್ಮಿದರು. ನಾನು ಕೆಮ್ಮಲೂ ಇಲ್ಲ. ನನಗೂ ಸಿಟ್ಟಿತ್ತು — ಅಷ್ಟು ಬೆಳಿಗ್ಗೆಗಳು ನೀರಿನಲ್ಲಿ ಹೋಮ. ಪರದೆಯ ಮೇಲೆ ಅಕ್ಕನ ಹೆಸರು ಬೂದು ಬಣ್ಣಕ್ಕೆ ತಿರುಗಿತು. ಲಾಗೌಟ್.

ಜೂನ್ 28, ಶನಿವಾರ

ಬೆಳಿಗ್ಗೆ ಬಾಗಿಲು ತೆರೆದರೆ ಅಕ್ಕ. ಕೈಯಲ್ಲಿ ಬ್ಯಾಗು, ತೋಳಿನ ಮೇಲೆ ಅವಳು ಓಡಿಸುವ ಶಾಲಾ ಬಸ್ಸಿನ ಡ್ರೈವರ್ ಕೋಟು, ಇಸ್ತ್ರಿ ಮಾಡಿದ್ದು. ಸ್ವಲ್ಪ ದಿನ ಇಲ್ಲೇ ಇರ್ತೀನಿ ಅಂದಳು. ಕಾಫಿ ಕುಡಿದಳು. ನನ್ನ ಹಾಸಿಗೆಯ ಮೇಲೆ ಮಲಗಿ ಮಧ್ಯಾಹ್ನದ ತನಕ ನಿದ್ದೆ ಮಾಡಿದಳು. ಅಷ್ಟು ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಜುಲೈ 2, ಬುಧವಾರ

ಭಾವನ ಮೆಸೇಜು. ಆಟದೊಳಗಿನ ಚಾಟಿನಲ್ಲಿ. ಅಕ್ಕ ಹೇಗಿದ್ದಾಳೆ ಅಂತ ಅಲ್ಲ — ಯಾವಾಗ ಲಾಗಿನ್ ಆಗುತ್ತಾಳೆ ಅಂತ.

ಗೊತ್ತಿಲ್ಲ ಅಂತ ಬರೆದೆ. ಬಹುಶಃ ಅವರಿಗೆ ಬೇರೆ ರೀತಿ ಕೇಳಲು ಬರುವುದಿಲ್ಲವೇನೋ. ಹಾಗೆ ಅಂದುಕೊಂಡರೂ ಸಿಟ್ಟು ಇಳಿಯಲಿಲ್ಲ.

ಅಕ್ಕ ಲ್ಯಾಪ್‌ಟಾಪನ್ನೇ ತಂದಿಲ್ಲ. ಬೆಳಿಗ್ಗೆ ಬಸ್ಸಿನ ಮಕ್ಕಳನ್ನು ಶಾಲೆಗೆ ಬಿಡುತ್ತಾಳೆ, ಸಂಜೆ ಮನೆಮನೆಗೆ ಬಿಡುತ್ತಾಳೆ, ಬಂದು ನನ್ನ ಪಾತ್ರೆ ತೊಳೆದಿಡುತ್ತಾಳೆ. ಬೇಡ ಅಂದರೆ ಕಿವಿ ಮೇಲೆ ಹಾಕಿಕೊಳ್ಳುವುದಿಲ್ಲ.

ಜುಲೈ 6, ಭಾನುವಾರ

ಅಕ್ಕ ಸಂತೆಗೆ ಹೋಗಿದ್ದಳು. ಭಾವ ಆಟಕ್ಕೆ ಕರೆದರು, ಹೋದೆ. ಹೊಸ ಹೀಲರ್ ಸಿಕ್ಕಿದ್ದ, ಯಾರೋ ಅಪರಿಚಿತ. ಸಾಧಾರಣ ಗುಹೆ, ಹತ್ತಾರು ಸಲ ಗೆದ್ದದ್ದು. ಸತ್ತೆವು. ಮತ್ತೆ ಹೋದೆವು, ಮತ್ತೆ ಸತ್ತೆವು. ಭಾವ ಹೊಸಬನನ್ನು ಬೈದರು. ಅವನು ಬಿಟ್ಟು ಹೋದ.

ನನ್ನ ಚೀಲದಲ್ಲಿ ಹಸಿರು ಬಾಟಲಿ ಒಂದೂ ಇರಲಿಲ್ಲ. ವಿಷ ಏರಿದಾಗ ಕುಡಿಯುವುದು. ಯಾವಾಗಲೂ ಇರುತ್ತಿತ್ತು. ಬೆಳಿಗ್ಗೆ ಆಟದ ಅಂಚೆಪೆಟ್ಟಿಗೆ ತೆರೆದರೆ ಐದಾರು ಬಿದ್ದಿರುತ್ತಿದ್ದವು. ಗುಂಪಿಗೆ ಅಂತ ಆಟದವರೇ ಕೊಡುವುದು ಅಂದುಕೊಂಡಿದ್ದೆ. ಭಾವನೂ ಹಾಗೇ ಅಂದುಕೊಂಡಿದ್ದರಂತೆ.

ಮೇಷ್ಟ್ರು ಈ ಸಲ ಒಂದೇ ಸಲ ಹೇಳಿದರು. ‘ಅದನ್ನ ಜೌಗಿನವರು ಮಾತ್ರ ಮಾಡೋದು. ಅವರ ಆಪ್ತರಿಗೆ ಬಿಟ್ರೆ ಯಾರಿಗೂ ಕೊಡಲ್ಲ. ನಿಮ್ಮಕ್ಕ ಕಳಿಸ್ತಿದ್ರು, ನಮ್ಮೆಲ್ಲರಿಗೂ. ನಿಮಗೆ ಗೊತ್ತಿದೆ ಅಂತಲೇ ನಾನು ತಿಳ್ಕೊಂಡಿದ್ದೆ.’

ಭಾವನ ಮೈಕ್ ತೆರೆದೇ ಇತ್ತು. ಅವರ ಮನೆಯ ಫ್ಯಾನ್ ಸದ್ದು ಕೇಳುತ್ತಿತ್ತು.

ಜುಲೈ 7, ಸೋಮವಾರ. ಸಂಜೆ

ಅಕ್ಕನನ್ನು ಕೇಳಿದೆ. ಯಾಕೆ ಹೇಳಲಿಲ್ಲ? ಅವತ್ತು ಅಷ್ಟು ಮಾತು ಕೇಳುವಾಗಲಾದರೂ ಬಾಯಿಬಿಟ್ಟು ಹೇಳಬಾರದಿತ್ತಾ?

ಬೀನ್ಸ್ ಬಿಡಿಸುತ್ತಿದ್ದಳು. ಮೊದಮೊದಲು ಬಾಟಲಿಗೋಸ್ಕರ ಹೋಗಿದ್ದೇ ಅಲ್ಲವಂತೆ. ಅಲ್ಲಿ ಬೇರೆ ಯಾರೂ ಬರುವುದಿಲ್ಲ, ನೀರು, ಮಂಜು, ಸುಮ್ಮನೆ ಕೂರಬಹುದು — ಅದಕ್ಕೇ ಹೋಗುತ್ತಿದ್ದಳು. ಕೂತು ಕೂತು ಆಪ್ತೆಯಾದಳು. ಬಾಟಲಿ ಕೊಟ್ಟರು, ನಮಗೆ ಹಂಚಿದಳು.

ಅಷ್ಟಕ್ಕೇ ಮನೆ ಬಿಟ್ಟು ಬಂದಿದ್ದಾ ಅಂದುಬಿಟ್ಟೆ. ಕೈ ನಿಲ್ಲಿಸಿ ನನ್ನನ್ನು ನೋಡಿದಳು.

‘ಗುರಾಣಿ ಜಗಳಕ್ಕೆ ಯಾರಾದ್ರೂ ಮನೆ ಬಿಡ್ತಾರೇನೇ ಪುಟ್ಟಿ? ಮದುವೆ ಆದಾಗಿಂದ ಎಲ್ಲಿ ನಿಲ್ಲು, ಎಲ್ಲಿ ಕೂರು ಅಂತ ಹೇಳಿಸ್ಕೊಂಡೇ ಬಂದಿದ್ದೀನಿ. ಆಟದಲ್ಲಿ ಒಂದು ಜಾಗ ಇತ್ತು ನಂದು ಅಂತ. ಅಲ್ಲಿಗೂ ಬಂದು ಉಪಯೋಗ ಏನು ಅಂದ್ರು. ನೀವೆಲ್ಲ ಸುಮ್ನೆ ಕೇಳಿದ್ರಿ.’

ನೀವೆಲ್ಲ. ಅದರಲ್ಲಿ ನಾನೂ ಇದ್ದೇನೆ. ಉಳಿದ ಬೀನ್ಸ್ ನಾನು ಬಿಡಿಸಿದೆ. ಅರ್ಧಕ್ಕರ್ಧ ನಾರು ಅದರಲ್ಲೇ ಉಳಿಯಿತು.

ಜುಲೈ 12, ಶನಿವಾರ

ಭಾವ ಬಂದಿದ್ದರು. ಕಂಪನಿಯ ಶರ್ಟಿನಲ್ಲೇ, ಎದೆಯ ಮೇಲೆ ಗ್ರೀಸಿನ ಕಲೆ. ನನ್ನ ಎರಡು ಕುರ್ಚಿಯ ಮನೆಯಲ್ಲಿ ಎಲ್ಲಿ ಕೂರಬೇಕು ಅಂತ ತಿಳಿಯದೆ ನಿಂತರು. ಅವರಿಗೆ ಹಾಗಾಗಿದ್ದನ್ನು ನೋಡಿದ್ದು ಇದೇ ಮೊದಲು.

ದಾರಿಯಲ್ಲಿ ಅಭ್ಯಾಸ ಮಾಡಿಕೊಂಡು ಬಂದವರ ಹಾಗೆ ಹೇಳಿದರು. ಬಾಟಲಿ ವಿಷಯ ಗೊತ್ತಿರಲಿಲ್ಲ, ಗೊತ್ತಿದ್ದರೆ ಆ ಮಾತು ಬರುತ್ತಿರಲಿಲ್ಲ. ‘ನೀನು ಕೋಟೆಯವರ ಹತ್ರ ಆಪ್ತೆ ಆಗ್ಬೇಕಿಲ್ಲ. ಜೌಗಿನಲ್ಲೇ ಇರು, ನಾನೇನೂ ಅನ್ನಲ್ಲ. ಬಾ ಮನೆಗೆ.’

ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಜೌಗಿಗೆ ಹೋಗಲು ಅನುಮತಿ ಕೊಡಲು ಬಂದಿದ್ದಾರೆ.

ಅಕ್ಕ ಸಿಟ್ಟಾಗಲಿಲ್ಲ. ‘ನಿಮ್ಮ ಮೇಲೆ ಕೋಪ ಇಲ್ಲ ನಂಗೆ. ಬರೋಕೆ ಮನಸ್ಸೂ ಇಲ್ಲ.’

ಅವರು ನನ್ನ ಕಡೆ ತಿರುಗಿದರು. ‘ಪುಟ್ಟಿ, ನೀನಾದ್ರೂ ಒಂದು ಮಾತು ಹೇಳು. ನಿನ್ನ ಮಾತು ಕೇಳ್ತಾಳೆ.’

ಆಸ್ಪತ್ರೆಯ ಆ ದಿನಗಳು ನೆನಪಾದವು. ಅಪ್ಪನ ಹಾಸಿಗೆ ಪಕ್ಕ ಸ್ಟೂಲಿನ ಮೇಲೆ ಕೂತೇ ನಿದ್ದೆ ಹೋಗುತ್ತಿದ್ದರು. ಆದರೂ ಹೇಳಿದೆ.

‘ಬೇರೆ ಏನು ಬೇಕಾದ್ರೂ ಕೇಳಿ ಭಾವ, ಮಾಡ್ತೀನಿ. ಅವಳಿಗೆ ಏನು ಹೇಳ್ಬೇಕು ಅಂತ ಮಾತ್ರ ನನಗೆ ಹೇಳ್ಕೊಡ್ಬೇಡಿ.’

ಮುಖಕ್ಕೆ ಹೊಡೆದ ಹಾಗಾಯಿತು ಅವರಿಗೆ. ತಲೆಯಾಡಿಸಿದರು. ಮೆಟ್ಟಿಲಿಳಿಯುವ ಸದ್ದು ಕೊನೆಯ ಮೆಟ್ಟಿಲಿನ ತನಕ ಕೇಳಿಸಿಕೊಂಡೆ. ಅಕ್ಕ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು.

ಜುಲೈ 20, ಭಾನುವಾರ

ಗುಂಪು ಬಿಟ್ಟೆ. ಒಂದು ಗುಂಡಿ ಒತ್ತಿದರೆ ಆಯಿತು. ಕೋಟೆಯವರ ಆಪ್ತೆ ಅನ್ನುವ ಪಟ್ಟ ಮಾತ್ರ ಉಳಿದಿದೆ. ಅದನ್ನು ಯಾರಿಗೂ ಕೊಡಲಾಗುವುದಿಲ್ಲ, ಬದಲಾಯಿಸಲೂ ಆಗುವುದಿಲ್ಲ. ಎಲ್ಲೇ ಹೋಗಲಿ, ಕೋಟೆಯ ಸೈನಿಕರು ಎದ್ದು ಸೆಲ್ಯೂಟ್ ಹೊಡೆಯುತ್ತಾರೆ. ಉರಿಯುತ್ತದೆ.

ಅಕ್ಕ ರೂಮು ನೋಡಿದ್ದಾಳೆ. ಬಸ್ ನಿಲ್ಲಿಸುವ ಶೆಡ್ಡಿಗೆ ಹತ್ತಿರ. ಇಲ್ಲೇ ಇರು ಅಂದೆ. ನಿನ್ನ ಗೊರಕೆ ತಡೆಯಲು ಆಗಲ್ಲ ಅಂದಳು. ನಾನು ಗೊರಕೆ ಹೊಡೆಯುವುದಿಲ್ಲ.

ಜುಲೈ 31, ಗುರುವಾರ. ಬೆಳಿಗ್ಗೆ

ಜೌಗಿಗೆ ಹೋದೆ. ಅಕ್ಕ ಕೂರುತ್ತಿದ್ದ ಜಾಗ ಯಾವುದಿರಬಹುದು ಅಂತ ನೋಡಲು. ದಡದಲ್ಲಿ ಮೈಯೆಲ್ಲ ಉಕ್ಕಿನ ಕವಚ ತೊಟ್ಟವನೊಬ್ಬ ಬಗ್ಗಿ ಪಾಚಿ ಕೀಳುತ್ತಿದ್ದ. ಹೆಸರು ನೋಡಿದೆ. ಭಾವ.

ಅಪರಿಚಿತನಿಂದ ಶುರು ಮಾಡಿದ್ದಾರೆ. ಮೊಣಕಾಲುದ್ದದ ಜನ ಕೈ ತೋರಿಸಿ ಬೈಯುತ್ತಿದ್ದರು — ಬೇರು ಸಮೇತ ಕೀಳಬಾರದಂತೆ. ಭಾವ ಮತ್ತೆ ಬಗ್ಗಿದರು.

ಕನಿಕರ ಬಂತು. ಬೆನ್ನಿಗೇ ಸಿಟ್ಟೂ ಬಂತು. ಇದನ್ನೂ ಹೀಗೇ ಗೆಲ್ಲಬಹುದು ಅಂದುಕೊಂಡಿದ್ದಾರಾ, ದಿನಕ್ಕಿಷ್ಟು ಪಾಚಿ ಅಂತ?

ಅಕ್ಕ ನನ್ನ ಕುರ್ಚಿಯ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಬಸ್ಸಿನ ಕೀ ಕೈಯಲ್ಲಿತ್ತು. ಪರದೆ ನೋಡಿದಳು.

‘ಇರ್ಲಿ ಬಿಡು. ಅಲ್ಲಿ ಅವರನ್ನ ಯಾರೂ ಲೀಡರ್ ಅನ್ನಲ್ಲ. ಒಳ್ಳೇದೇ ಆಗುತ್ತೆ.’

ವಾಪಸ್ ಮನೆಗೆ ಹೋಗುತ್ತೇನೆ, ಹೋಗುವುದಿಲ್ಲ — ಅದೇನೂ ಹೇಳಲಿಲ್ಲ. ಮಕ್ಕಳಿಗೆ ಲೇಟಾಗುತ್ತೆ ಅಂತ ಇಳಿದು ಹೋದಳು.

ಆಗಸ್ಟ್ 3, ಭಾನುವಾರ. ಬೆಳಿಗ್ಗೆ

ಇವತ್ತು ಅಕ್ಕನ ಸಾಮಾನು ಹೊಸ ರೂಮಿಗೆ. ಸಾಮಾನು ಅಂದರೆ ಏನು — ಹಾಸಿಗೆ, ಸ್ಟವ್, ನಾನು ಕೊಟ್ಟ ಒಂದು ಕುರ್ಚಿ. ವ್ಯಾನ್ ಕೆಳಗೆ ನಿಂತಿದೆ. ಅಕ್ಕ ಡ್ರೈವರಿಗೆ ಹೇಗೆ ರಿವರ್ಸ್ ತೆಗೆಯಬೇಕು ಅಂತ ಹೇಳುತ್ತಿದ್ದಾಳೆ.

ಭಾವನ ಮೆಸೇಜು, ಈಗಷ್ಟೇ. ಫೋನಿಗೇ, ಆಟದ ಚಾಟಿಗಲ್ಲ.

‘ಅವಳು ಹೇಗಿದ್ದಾಳೆ ಪುಟ್ಟಿ?’

ಒಂದೇ ಸಾಲು. ಐದು ವಾರ ಬೇಕಾಯಿತು ಇಷ್ಟು ಕೇಳಲು. ಚೆನ್ನಾಗಿದ್ದಾಳೆ ಅಂತ ಬರೆದೆ. ಅಳಿಸಿದೆ. ರೂಮು ಮಾಡಿದ್ದಾಳೆ ಅಂತ ಬರೆದೆ. ಅದನ್ನೂ ಅಳಿಸಿದೆ. ನಾನ್ಯಾಕೆ ಹೇಳಬೇಕು? ನಾನು ಹೇಳದಿದ್ದರೆ ಇನ್ಯಾರು…

ಅಕ್ಕ ಕೆಳಗಿನಿಂದ ಕೂಗುತ್ತಿದ್ದಾಳೆ. ಫೋನ್ ಹಾಗೇ ತೆಗೆದುಕೊಂಡು ಹೋಗಿ ಅವಳ ಕೈಗೇ ಕೊಟ್ಟುಬಿಡುತ್ತೇನೆ. ಉತ್ತರ ಅವಳೇ ಬರೆಯಲಿ.