ನಾಲ್ಕು ಅಂಗೈ ಅಗಲದ ನೆಲ

ಶಿಕಾರಿಪುರ,
ಸೋಮವಾರ, ೯ ಜೂನ್ ೨೦೨೫

ನನ್ನ ಮುದ್ದಿನ ಗಂಗಾ,

ಹೇಗಿದ್ದೀಯೇ? ಕಾಲಿನ ಬಾವು ಇಳಿಯಿತೋ ಇಲ್ಲವೋ? ರಾತ್ರಿ ಎದೆಯುರಿ ಎಂದು ಅಳಿಯಂದಿರು ಹೇಳುತ್ತಿದ್ದರು. ಉಂಡ ತಕ್ಷಣ ಮಲಗಬೇಡ, ಜಗಲಿಯ ಮೇಲೆ ನಾಲ್ಕು ಹೆಜ್ಜೆ ಅಡ್ಡಾಡು. ಕೂಸು ಒದೆಯುವುದು ಜಾಸ್ತಿಯಾಗಿದೆ ಎಂದು ಹೆದರಿಕೊಂಡೆಯಂತೆ. ಒದೆಯಲಿ ಬಿಡು, ನೀನೇನು ಕಡಿಮೆ ಒದ್ದವಳಲ್ಲ. ಫೋನಿರುವಾಗ ಅಮ್ಮ ಕಾಗದ ಯಾಕೆ ಬರೆದಳು ಎನ್ನುತ್ತೀಯಲ್ಲವೇ? ನಿಮ್ಮ ಚಂದ್ರಗುತ್ತಿಯಲ್ಲಿ ಅರ್ಧ ಮಾತು ಕೇಳುತ್ತದೆ, ಅರ್ಧ ಗಾಳಿಗೆ ಹೋಗುತ್ತದೆ. ಇಲ್ಲಿ ನೋಡಿದರೆ ನಾನು ಫೋನ್ ಹಿಡಿದ ಕೂಡಲೇ ನಿಮ್ಮಪ್ಪಾಜಿ ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ನಾಳೆ ಪಕ್ಕದ ಮನೆಯ ಲೋಕಮ್ಮ ಅಮ್ಮನವರ ದರ್ಶನಕ್ಕೆಂದು ನಿಮ್ಮೂರಿಗೇ ಹೊರಟಿದ್ದಾಳೆ. ಅವಳ ಕೈಯಲ್ಲಿ ಚಟ್ನಿಪುಡಿ ಡಬ್ಬಿಯ ಜೊತೆ ಇದನ್ನೂ ಕಳಿಸುತ್ತೇನೆ. ಒಬ್ಬಳೇ ಇದ್ದಾಗ ಓದಿಕೋ.

ಶುಕ್ರವಾರ ಮನೆಯ ಸೊಸೆಯನ್ನು ಹೊರಗೆ ಕಳಿಸುವುದಿಲ್ಲ ಎಂದು ನಿಮ್ಮತ್ತೆ ಖಂಡಿತವಾಗಿ ಹೇಳಿದ್ದಾರೆ. ಅದಕ್ಕೇ ಗುರುವಾರ ನಿನ್ನನ್ನು ಕರೆತರುವುದೆಂದು ಆಯಿತು. ಮಳೆ ಹಿಡಿದಿದೆ, ಸೊರಬದಾಚೆ ರಸ್ತೆ ತಿರುವು ತಿರುವು. ನಿಮ್ಮಪ್ಪಾಜಿ ಮಾತ್ರ ನಮ್ಮ ಕಾರಿನ ಟೈರು ಹೊಸದರ ಹಾಗೇ ಇವೆ ಎಂದು ವಾದಿಸುತ್ತಿದ್ದರು. ಹೌದು, ಗೆರೆ ಒಂದಿಷ್ಟೂ ಸವೆದಿರಲಿಲ್ಲ. ಸವೆಯುವುದಾದರೂ ಹೇಗೆ? ಮದುವೆಗೆ, ಮಠಕ್ಕೆ, ಬೀಗರ ಮನೆಗೆ ಬಿಟ್ಟರೆ ಆ ಕಾರು ಹೊದಿಕೆಯೊಳಗಿಂದ ಹೊರಗೆ ಬಂದದ್ದುಂಟೇ? ಬೀಗರ ಮನೆಗೆ ಹೊರಡುವ ಹಿಂದಿನ ದಿನ ದೇವರ ದೀಪದ ಎಣ್ಣೆ ತಂದು ಟೈರಿಗೆ ತಿಕ್ಕಿ ತಿಕ್ಕಿ ಮಿಂಚಿಸುತ್ತಿದ್ದರಲ್ಲ, ನೀನೂ ಬಟ್ಟೆ ಹಿಡಿದು ಕೂರುತ್ತಿದ್ದೆಯಲ್ಲ, ಆ ಎಣ್ಣೆಯೇ ರಬ್ಬರನ್ನು ತಿಂದುಹಾಕಿದೆಯಂತೆ. ಟೈರಿನ ಅಂಗಡಿಯ ಗುರುಮಲ್ಲಪ್ಪ ಬಗ್ಗಿ ನೋಡಿ, "ಮೂರ್ತಪ್ಪಾರೇ, ಇದೇನ್ ಟೈರೋ, ಒಗ್ಗರಣೆ ಹಾಕಿದ್ ಬದ್ನೇಕಾಯೋ" ಎಂದುಬಿಟ್ಟ. ಪಕ್ಕೆಯ ತುಂಬ ಬಿರುಕು ಕಣೇ. ಅದರ ಮೇಲೆ ನಿನ್ನನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬರುವುದೇ? 

ನಾನು ಟೈರಿನಂಗಡಿಯೊಳಗೆ ಕಾಲಿಟ್ಟದ್ದು ಈ ವಯಸ್ಸಿಗೆ ನಿನ್ನೆಯೇ ಮೊದಲು. ನೆಲದಿಂದ ಸೂರಿನವರೆಗೆ ಕಪ್ಪು ಟೈರು, ಹೊಸ ರಬ್ಬರಿನ ಘಾಟು ವಾಸನೆ. ಬೇಗ ಹೊರಗೆ ಹೋದರೆ ಸಾಕು ಎಂದುಕೊಂಡವಳು ಮಧ್ಯಾಹ್ನದವರೆಗೆ ಅಲ್ಲೇ ಕೂತೆ. ಅಷ್ಟು ವಿಷಯವಿದೆ ಅದರಲ್ಲಿ. ತಾನು ಎಷ್ಟು ಭಾರ ಹೊರಬಲ್ಲೆ, ಎಷ್ಟು ಜೋರು ಓಡಬಲ್ಲೆ, ಯಾವ ವರ್ಷದ ಯಾವ ವಾರ ಹುಟ್ಟಿದೆ ಎಂದು ಪ್ರತಿ ಟೈರೂ ತನ್ನ ಮೈಮೇಲೆ ಬರೆದುಕೊಂಡಿರುತ್ತದೆ. ಮನುಷ್ಯರು ಹೀಗೆ ಬರೆದುಕೊಂಡು ಓಡಾಡಿದ್ದರೆ ಸಂಬಂಧ ನೋಡುವುದು ಎಷ್ಟು ಸುಲಭವಾಗುತ್ತಿತ್ತು ಎಂದೆ, ಗುರುಮಲ್ಲಪ್ಪ ಬಹಳ ನಕ್ಕ. ಆಮೇಲೆ ಅವನೇ ಇನ್ನೊಂದು ಮಾತು ಹೇಳಿದ. ಅಷ್ಟು ದೊಡ್ಡ ಚಕ್ರ ರಸ್ತೆಯನ್ನು ಮುಟ್ಟುವುದು ಒಂದು ಅಂಗೈ ಅಗಲ ಮಾತ್ರವಂತೆ. ನಾಲ್ಕು ಟೈರಿಗೆ ನಾಲ್ಕು ಅಂಗೈ. ನಾನು ನನ್ನ ಅಂಗೈ ನೋಡಿಕೊಂಡೆ. ನೀನು, ನಿನ್ನ ಕೂಸು, ನಿಮ್ಮಪ್ಪಾಜಿ, ನಾನು, ಎಲ್ಲರ ಜೀವ ಮಳೆಯಲ್ಲಿ ನೆಲವನ್ನು ಹಿಡಿದುಕೊಂಡಿರುವುದು ಅಷ್ಟೇ ಅಷ್ಟು ಜಾಗದಲ್ಲಿ.  ಇಷ್ಟು ವರ್ಷ ಆ ಕಾರಿನಲ್ಲಿ ಕೂತು ಕಡಲೆಕಾಯಿ ತಿನ್ನುತ್ತಾ ಹೋಗಿದ್ದೇವಲ್ಲ ಎನ್ನಿಸಿತು.

ಗುರುಮಲ್ಲಪ್ಪ ಎರಡು ಬಗೆ ತೆಗೆದಿಟ್ಟ. ಒಂದು ಗಟ್ಟಿ ರಬ್ಬರಿನದು, ಬಹಳ ವರ್ಷ ಬಾಳುತ್ತದೆ. ಇನ್ನೊಂದು ಮೆತ್ತಗಿನದು, ಒದ್ದೆ ರಸ್ತೆಯಲ್ಲಿ ಹಿಡಿತ ಚೆನ್ನ, ಆದರೆ ಬೇಗ ಸವೆಯುತ್ತದೆ. ನಿಮ್ಮಪ್ಪಾಜಿ ಚಪ್ಪಲಿ ಕೊಂಡರೂ ಬಾಳಿಕೆಯನ್ನೇ ಕೇಳುವವರು, ಗಟ್ಟಿಯದನ್ನೇ ಹಿಡಿಯುತ್ತಾರೆಂದು ನಾನು ವಾದಕ್ಕೆ ಸಜ್ಜಾಗಿ ನಿಂತಿದ್ದೆ. ಅವರು ಕೂತು ಎರಡನ್ನೂ ನಿಧಾನವಾಗಿ ಕೈಯಿಂದ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, "ತಾರೀಕು ಏನೈತೆ ಓದು" ಎಂದರು. ನಮ್ಮ ಅಂಗಡಿಯ ಲೆಕ್ಕದ ಒಂದು ಸಾಲನ್ನೂ ಇನ್ನೊಬ್ಬರ ಬಾಯಿಂದ ಓದಿಸಿ ಕೇಳಿದವರಲ್ಲ ಅವರು. ಅಕ್ಷರವೇನು ಸಣ್ಣದಿರಲಿಲ್ಲ, ಉಬ್ಬಿಕೊಂಡು ಎದ್ದು ಕಾಣುತ್ತಿತ್ತು. ನಾನು ಅವರ ಮುಖ ನೋಡಿದೆ. ಕಣ್ಣು ಟೈರಿನ ಮೇಲಿತ್ತು, ಬೆರಳು ಮಾತ್ರ ಅಂಕಿಯನ್ನು ಬಿಟ್ಟು ಎಲ್ಲೋ ಪಕ್ಕದಲ್ಲಿ ತಡಕಾಡುತ್ತಿತ್ತು. ಹೋದ ತಿಂಗಳು ಗೇಟಿನ ಕಂಬಕ್ಕೆ ಕಾರು ಉಜ್ಜಿದ್ದು, ಸಂಜೆಯ ಪೇಪರ್ ಓದುವುದು ಬಿಟ್ಟದ್ದು, ಎಲ್ಲ ಒಟ್ಟಿಗೆ ತಲೆಗೆ ಬಂತು. ಹದಿನೆಂಟನೇ ವಾರ ಎಂದು ಓದಿದೆ. ಬಸವ ಜಯಂತಿ ಬಂದ ವಾರವೇ ಅದು. ಅವರು ತಲೆಯಾಡಿಸಿ, "ಮೆತ್ತಗಿಂದೇ ಹಾಕಪ್ಪ. ಬಾಳಿಕೆ ತಗಂಡು ಏನ್ ಮಾಡದೈತೆ. ಮಗಳು ಬರೋ ಹೊತ್ತಿಗೆ ನೆಲ ಬಿಡಬಾರ್ದು, ಅಷ್ಟೇ" ಎಂದರು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದು ನಿಂತೆ.

ಟೈರು ಕೂರಿಸಿ, ಗಾಳಿ ಹಿಡಿಸಿ, ವಿಭೂತಿ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಇನ್ನು ನಿಂಬೆಹಣ್ಣು ಮೆಟ್ಟಿಸಿ ಹೊರಡಬೇಕು. ನಿಮ್ಮಪ್ಪಾಜಿ ಕಾರಿನ ಮುಂದಿನಿಂದ ಸುತ್ತಿ ಬಂದರು, ಎಡಗಡೆಯ ಬಾಗಿಲು ತೆಗೆದರು, ಕೂತರು. ಕೂತು ಕೀಲಿಕೈಯನ್ನು ನನ್ನ ಕಡೆ ಚಾಚಿ, "ನೀನೇ ಹೊಡಿ" ಎಂದರು. ಅಷ್ಟೇ. ಗುರುಮಲ್ಲಪ್ಪನ ಎದುರು, ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ, ಹೋಗಿ ಬರುವವರೆಲ್ಲ ನೋಡುತ್ತಿರುವಾಗ. ನಿನ್ನ ಮದುವೆಯಾದ ಮೇಲೆ ಸಂತೆ ಮೈದಾನದಲ್ಲಿ ನನಗೆ ಕಾರು ಕಲಿಸಿದವರು ಅವರೇ. ಲೈಸೆನ್ಸನ್ನೂ ಮಾಡಿಸಿದರು. ಆದರೆ ಊರು ದಾಟಿ ಒಂದು ದಿನವೂ ಸ್ಟೇರಿಂಗ್ ಬಿಟ್ಟುಕೊಟ್ಟವರಲ್ಲ. ನಾನು ಬಲಗಡೆ ಹೋಗಿ ಕೂತು ಕಾರು ಬಿಟ್ಟೆ. ನಿಂಬೆಹಣ್ಣು ಪಚಕ್ಕೆಂದದ್ದು ಕೇಳಿಸಿತು.

ಊರೊಳಗೆ ಸಾಕು ಎಂದುಕೊಂಡರೆ, ಶಿರಾಳಕೊಪ್ಪದ ರಸ್ತೆ ಹಿಡಿ ಎಂದರು. ಬಳ್ಳಿಗಾವಿ ತಿರುವಿನವರೆಗೂ ಹೋಗಿ ಬಂದೆವು. ಅರ್ಧ ದಾರಿಗೆ ಮಳೆ ಸುರಿಯಿತು. ಆಗ ಅವರೇ ಬಾಯಿಬಿಟ್ಟರು. ಶಿವಮೊಗ್ಗಕ್ಕೆ ಅಂಗಡಿ ಸಾಮಾನಿಗೆಂದು ಹೋದಾಗ ಕಣ್ಣು ತೋರಿಸಿದ್ದರಂತೆ. ಎಡಗಣ್ಣು ಪೂರ್ತಿ ಮಬ್ಬು, ಬಲಗಣ್ಣಿನಲ್ಲಿ ಎದುರಿನದು ಕಾಣುತ್ತದೆ, ಅಂಚು ಕಾಣುವುದಿಲ್ಲ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ಔಷಧಿಯ ಹನಿ ಹಾಕಿಕೊಳ್ಳಬೇಕಂತೆ. ಯಾಕೆ ಹೇಳಲಿಲ್ಲ ಎಂದು ಬೈಯುವ ಅಂದುಕೊಂಡೆ, ಅಷ್ಟರಲ್ಲಿ ಎದುರಿಗೆ ಲಾರಿ ಬಂತು, ಬ್ರೇಕ್ ಒತ್ತಿದೆ. ಅಷ್ಟು ನೀರು ನಿಂತ ರಸ್ತೆಯಲ್ಲೂ ಕಾರು ಒಂದಿಷ್ಟೂ ಜಾರದೆ ನಿಂತಿತು ಗಂಗಾ, ಕಾಲಿನ ಕೆಳಗೆ ನೆಲ ಹಿಡಿದುಕೊಂಡದ್ದು ನನಗೆ ಗೊತ್ತಾಯಿತು. ನಿಮ್ಮಪ್ಪಾಜಿ, "ನೋಡ್ದಾ" ಎಂದರು. ಮೂವತ್ತು ವರ್ಷ ಆ ಮನುಷ್ಯನ ಜೊತೆ ಬಾಳಿದ್ದೇನೆ. ಹಟಮಾರಿ ಎಂದು ನಿನ್ನ ಹತ್ತಿರ ಎಷ್ಟು ದೂರಿಲ್ಲ ನಾನು. ತನ್ನ ಕಣ್ಣು ಹೋಗುತ್ತಿದೆಯೆಂದು ತಿಳಿದು, ಕುಯ್ಯೋ ಮರ್ರೋ ಎನ್ನದೆ, ಮಗಳಿಗೆ ಒಳ್ಳೆಯ ಟೈರು ಆರಿಸಿ, ಹೆಂಡತಿಗೆ ಕೀಲಿಕೈ ಕೊಟ್ಟು ಪಕ್ಕಕ್ಕೆ ಕೂರುವುದೆಂದರೆ ಸಣ್ಣ ಮಾತೇ? ನಿನ್ನೆಯಿಂದ ಅವರಿಗೆ ಕಾಫಿ ಕೊಡುವಾಗಲೂ ಯಾರೋ ದೊಡ್ಡವರ ಎದುರು ನಿಂತ ಹಾಗಾಗುತ್ತಿದೆ ನನಗೆ.

ಹಾಗಾಗಿ ಗುರುವಾರ ಕಾರು ಓಡಿಸಿಕೊಂಡು ಬರುವವಳು ನಾನು. ಹೆದರಬೇಡ. ಬುಧವಾರ ಇನ್ನೊಮ್ಮೆ ಸೊರಬದವರೆಗೆ ಹೋಗಿ ಬಂದು ಕೈ ಕುದುರಿಸಿಕೊಳ್ಳುತ್ತೇನೆ. ನಿನಗೆ ದಿಂಬು, ನೀರು ಎಲ್ಲ ಹಿಂದಿನ ಸೀಟಿನಲ್ಲಿ ಇಟ್ಟಾಗಿದೆ. ನಿಮ್ಮತ್ತೆ, ಮಾವ, ಅಳಿಯಂದಿರು ಎಲ್ಲರಿಗೂ ನಮ್ಮ ಶರಣು ಹೇಳು. ಬಸವಣ್ಣ ನಿನ್ನನ್ನೂ ಕೂಸನ್ನೂ ತಣ್ಣಗಿಟ್ಟಿರಲಿ.

ನಿನ್ನ ದಾರಿ ಕಾಯುತ್ತಿರುವ ಅಮ್ಮ,
ರಾಜೇಶ್ವರಿ

ತಾ.ಕ.: ಬೆಳಗಾಯಿತು, ಲೋಕಮ್ಮ ಬಾಗಿಲಲ್ಲಿ ನಿಂತಿದ್ದಾಳೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಿಂದ ರಸ್ತೆಗೆ ಇಳಿಯುವ ಕಲ್ಲಿನ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿಯಿಲ್ಲ. ಹತ್ತುವಾಗ ನಿಮ್ಮಪ್ಪಾಜಿ ಹೇಗೋ ಹತ್ತುತ್ತಾರೆ, ಇಳಿಯುವಾಗ ಅವರಿಗೆ ಮೆಟ್ಟಿಲಿನ ಅಂಚು ಕಾಣುವುದಿಲ್ಲ. ಬೀಗರ ಎದುರು ನಾನು ಕೈ ಹಿಡಿದರೆ ಕೊಡವಿಬಿಡುತ್ತಾರೆ. ಅಳಿಯಂದಿರಿಗೆ ಮೊದಲೇ ಹೇಳಿಟ್ಟಿರು, ನಿನ್ನ ಚೀಲ ಹಿಡಿದು ಅವರು ಒಂದು ಮೆಟ್ಟಿಲು ಮುಂದೆ ಇಳಿಯಲಿ. ನೀನು ಮಾತ್ರ, "ಅಪ್ಪಾಜಿ, ನಂಗೆ ಇಳಿಯೋಕೆ ಭಯ, ಕೈ ಹಿಡ್ಕೊಳ್ರಿ" ಎನ್ನು. ಬಸುರಿ ಕೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಅಪ್ಪಾಜಿಯೂ ಇಲ್ಲವೆನ್ನುವುದಿಲ್ಲ. ಒಂದೊಂದು ಮೆಟ್ಟಿಲು ಬಂದಾಗಲೂ ನಿನಗೆ ನೀನೇ ಹೇಳಿಕೊಂಡ ಹಾಗೆ ಬಾಯಿಬಿಟ್ಟು ಹೇಳು. ನಿನ್ನನ್ನು ತಾವೇ ಇಳಿಸಿಕೊಂಡು ಬಂದೆವು ಎಂದೇ ಅವರು ತಿಳಿದಿರಲಿ.